ಪಾಲಾಗಲು ಒಲ್ಲದ ಉಬ್ಬರಾಯ

ಒಂದು ರಾಜ್ಯವಿತ್ತು, ಮಕ್ಕಳೇ. ಎಷ್ಟು ದೊಡ್ಡದು ಅಂತೀರಿ? ಕೆಸುವಿನ ಎಲೆ ಮೇಲೆ ನಿಂತ ಒಂದು ಹನಿ ನೀರಿನಷ್ಟು! ನಗಬೇಡಿ. ಆ ಹನಿಯೊಳಗೆ ಕಣ್ಣಿಗೆ ಕಾಣದ ಪ್ರಜೆಗಳಿದ್ದರು. ಒಬ್ಬೊಬ್ಬರ ಮೈಯೂ ಒಂದೇ ಒಂದು ಜೀವಕೋಶ. ಬಾಯಿಲ್ಲ, ಮೂಗಿಲ್ಲ. ಮೈಸುತ್ತ ತೆಳ್ಳನೆ ಪೊರೆ, ಅಷ್ಟೇ. ಅನ್ನ ಬರುವುದು ಅದರಿಂದ, ಉಸಿರು ಬರುವುದು ಅದರಿಂದ, ಕಸ ಹೋಗುವುದೂ ಅದರಿಂದ. ಪೊರೆಯುವುದಕ್ಕೇ ಅದನ್ನು ಪೊರೆ ಅಂದರೇನೋ!

ಅಲ್ಲಿ ಒಂದು ಪದ್ಧತಿ. ಮೈ ತುಂಬಿ ಬೆಳೆದವರು ಎರಡು ಪಾಲಾಗಬೇಕು. ಆಮೇಲೆ ದೊಡ್ಡವನು, ಚಿಕ್ಕವನು ಅಂತಿಲ್ಲ, ಇಬ್ಬರೂ ಸಮ. ರಾಜ ಉಬ್ಬರಾಯನಿಗೆ ಇದು ಹಿಡಿಸಲಿಲ್ಲ.

"ನಾನು ಹಿಸ್ಸೆ ಆಗೋದಾ? ಮನೆ ಒಡೆದ ಹಾಗೆ! ಈ ಹನಿ ತುಂಬ ನಾನೊಬ್ಬನೇ ಇರ್ತೀನಿ" ಅಂದ. ತಿಂದ, ಉಬ್ಬಿದ. ಪ್ರಜೆಗಳನ್ನು ಒತ್ತಿ ಒತ್ತಿ ಹನಿಯ ಅಂಚಿಗೆ ತಳ್ಳಿದ. ಅಂಚಿನಲ್ಲಿ ಸುಡುಬಿಸಿಲು, ನೀರು ಆರುತ್ತಿತ್ತು.

ರಾಜನ ಹೊಟ್ಟೆಯ ನಟ್ಟನಡುವೆ ಅವನ ಮಂತ್ರಿ ತಿರುಳಯ್ಯ ಇದ್ದ, ಜೀವಕೋಶದ ತಿರುಳೇ ಅವನು. ರಾಜ ಬದುಕಿರುವುದೇ ಅವನಿಂದ. ಅವನು ಕೂಗಿದ: "ಒಡೆಯಾ, ಊಟ ತಡವಾಗಿ ಬರ್ತಿದೆ!" ರಾಜ ಇನ್ನಷ್ಟು ತಿಂದ, ಉಬ್ಬಿದ. "ಒಡೆಯಾ, ಕಸ ಇಲ್ಲೇ ಕೊಳೀತಿದೆ!" ರಾಜ ಇನ್ನಷ್ಟು ತಿಂದ, ಉಬ್ಬಿದ. "ಒಡೆಯಾ, ಉಸಿರು…" ಅಷ್ಟೇ ಕೇಳಿಸಿತು.

ರಾಜ ಚೀರಿದ: "ಇಷ್ಟು ತಿಂದರೂ ಸಾಯ್ತಿದೀನಲ್ಲ!"

ಯಾಕೆ ಗೊತ್ತೇ? ಗುಂಡಗಿರುವುದು ಎರಡರಷ್ಟು ಅಗಲವಾದರೆ ಪೊರೆ ನಾಲ್ಕರಷ್ಟಾಗುತ್ತದೆ. ಹೊಟ್ಟೆಯೋ, ಎಂಟರಷ್ಟು! ತರುವವರು ನಾಲ್ವರು, ಉಣ್ಣುವವರು ಎಂಟು ಮಂದಿ. ಮೇಲೆ ದಾರಿಯೂ ದೂರ. ನಡುವಿನವನಿಗೆ ಏನು ಮುಟ್ಟೀತು?

ಅಂಚಿನಲ್ಲಿ ಒಣಗುತ್ತಿದ್ದ ಚಿಟ್ಟವ್ವ ಎಂಬ ಪುಟ್ಟ ಪ್ರಜೆ ರಾಜನ ಕೂಗು ಕೇಳಿದಳು. ರಾಜ ಸತ್ತು ಕೊಳೆತರೆ ಹನಿಯೆಲ್ಲ ವಿಷ. ಪಾಲಾಗು ಅಂದರೆ ಈ ಜಂಬಗಾರ ಕೇಳುವವನಲ್ಲ. ಅದಕ್ಕೇ ಅಂದಳು: "ಮಾರಾಜರೇ, ಮೂಡಣ ದಂಡೇಲೂ ಪಡುವಣ ದಂಡೇಲೂ ಒಂದೇ ಹೊತ್ತಿಗೆ ದರ್ಬಾರು ಮಾಡೋ ರಾಜ ಇನ್ನೂ ಹುಟ್ಟಿಲ್ವಂತೆ."

"ಯಾರೇ ಹಾಗಂದೋರು? ನೋಡಿಲ್ಲಿ!"

ರಾಜ ಉದ್ದಕ್ಕೆ ಚಾಚಿದ. ಮೈ ತೆಳುವಾಯಿತು, ಪೊರೆ ತಿರುಳಯ್ಯನಿಗೆ ಹತ್ತಿರ ಬಂತು, ಅವನಿಗೆ ಉಸಿರು ಬಂತು. ಹಾಯೆನಿಸಿ ರಾಜ ಇನ್ನೂ ಚಾಚಿದ. ಒಳಗೆ ತಿರುಳಯ್ಯ ಸದ್ದಿಲ್ಲದೆ ಇಬ್ಬರಾದ. ಒಬ್ಬ ಮೂಡಣಕ್ಕೆ ನಡೆದ, ಒಬ್ಬ ಪಡುವಣಕ್ಕೆ. ರಾಜನ ಸೊಂಟ ಸಣ್ಣಗಾಯಿತು, ದಾರದಷ್ಟಾಯಿತು, ಪಟ್ಟನೆ ಕಡಿದುಹೋಯಿತು.

ಅಬ್ಬಬ್ಬಾ! ಮೈ ಅಷ್ಟೇ ಇದೆ. ಚೂರು ಹೆಚ್ಚಿಲ್ಲ, ಚೂರು ಕಡಿಮೆಯಿಲ್ಲ. ಪೊರೆ ಮಾತ್ರ ಹೆಚ್ಚಿದೆ! ಕತ್ತಲಿದ್ದ ನಡುವಿಗೆ ಅನ್ನ ನುಗ್ಗಿತು, ಉಸಿರು ನುಗ್ಗಿತು.

"ಯಾರಯ್ಯ ನೀನು?"

"ಉಬ್ಬರಾಯ. ನೀನು?"

"ನಾನೂ ಉಬ್ಬರಾಯ!"

ಇಬ್ಬರೂ ಒಬ್ಬರನ್ನೊಬ್ಬರು ಮಿಕಿಮಿಕಿ ನೋಡಿದರು. ಇನ್ನು ಯಾರು ಯಾರಿಗೆ ಅಪ್ಪಣೆ ಮಾಡುವುದು? ನಡುವೆ ಬಿದ್ದ ಸಂದಿಯಿಂದ ಚಿಟ್ಟವ್ವನೂ ಅವಳ ಜನರೂ ತಣ್ಣನೆ ನೀರಿಗೆ ನುಸುಳಿದರು. ಹಸಿವು ಕಂಡಿದ್ದ ಉಬ್ಬರಾಯರು ಯಾರೂ ಹೇಳದೆಯೇ ಮತ್ತೆ ಮತ್ತೆ ಪಾಲಾದರು.

ಆನೆ ನೋಡಿದ್ದೀರಲ್ಲ? ಅದೂ ಒಂದೇ ಕೋಶ ಉಬ್ಬಿ ದೊಡ್ಡದಾದದ್ದಲ್ಲ, ಕೋಶಗಳು ಪಾಲಾಗಿ ಪಾಲಾಗಿ ಬೆಳೆದದ್ದು. ಅದರ ಮೈಯ ಕೋಶಗಳೂ ಇರುವೆಯ ಕೋಶಗಳ ಹಾಗೆ ಸಣ್ಣಸಣ್ಣವೇ, ಲೆಕ್ಕವಿಲ್ಲದಷ್ಟು. ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ನೀತಿ ಇಷ್ಟೇ, ಮಕ್ಕಳೇ: ತನ್ನ ಒಡಲೊಳಗಿನವರಿಗೆ ಅನ್ನ ಮುಟ್ಟಿಸಲಾರದಷ್ಟು ಯಾರೂ ದೊಡ್ಡವರಾಗಬಾರದು.