ಹಾಡಿಗೆ ಇಟ್ಟ ಶಾರ್ಟ್‌ಕಟ್

"ಗುರುಗಳೇ, ನೀವು ಹೇಳಿಕೊಟ್ಟ ಪಾಠಗಳೆಲ್ಲ ನಮ್ಮ ಸಂಗೀತ ಶಾಲೆಯ ಸರ್ವರಿನಲ್ಲಿವೆ. ಅವುಗಳಿಗೆಲ್ಲ ನನ್ನ ಕಂಪ್ಯೂಟರಿನಲ್ಲಿ ಶಾರ್ಟ್‌ಕಟ್ ಮಾಡಿಟ್ಟುಕೊಂಡಿದ್ದೇನೆ. ಯಾವ ರಾಗ ಬೇಕೆಂದರೂ ಒಮ್ಮೆ ಒತ್ತಿದರೆ ತೆರೆದುಕೊಳ್ಳುತ್ತದೆ. ಇನ್ನು ಅವು ನನ್ನವಾದವು ಎಂದುಕೊಳ್ಳಬಹುದೇ?"

ಶಿಷ್ಯೆ ನೀಲಗಂಗಾ ಹೀಗೆ ಕೇಳಿದಾಗ ಅಡಿವೆಪ್ಪ ಗವಾಯಿಗಳು ತಂಬೂರಿಯನ್ನು ಗೋಡೆಗೆ ಒರಗಿಸಿದರು. ಒಂದು ಕತೆ ಹೇಳಿದರು.

ಒಬ್ಬ ಸಂಗ್ರಹಕಾರನಿದ್ದ. ಪ್ರಾಯದಲ್ಲಿ ಹೆಗಲಿಗೆ ಟೇಪ್ ರೆಕಾರ್ಡರ್ ಹಾಕಿಕೊಂಡು ಊರೂರು ತಿರುಗುತ್ತಿದ್ದ. ಹೆಂಗಸರು ಬೀಸುವಾಗ, ಕುಟ್ಟುವಾಗ, ತೊಟ್ಟಿಲು ತೂಗುವಾಗ ಹಾಡಿದ್ದನ್ನು ಹಿಡಿದಿಡುತ್ತಿದ್ದ. ಹೊಳೆಯಾಚೆಯ ಒಂದು ಊರಿನಲ್ಲಿ ಒಬ್ಬ ಹಾಡುಗಾರ್ತಿ ಇದ್ದಳು. ಅವಳು ಹಾಡು ಎತ್ತದೆ ಆ ಊರಿನಲ್ಲಿ ಯಾವ ಮದುಮಗಳಿಗೂ ಅರಿಶಿನ ಹಚ್ಚುತ್ತಿರಲಿಲ್ಲ. ಸಂಗ್ರಹಕಾರ ಅವಳ ಪಡಸಾಲೆಯಲ್ಲಿ ಕುಳಿತು ಅವಳಿಗೆ ಬರುತ್ತಿದ್ದ ಹಾಡುಗಳನ್ನೆಲ್ಲ ತುಂಬಿಕೊಂಡ. ಅವಳು ಅವನನ್ನು ತಮ್ಮಾ ಎಂದು ಕರೆದಳು. ಉಣಿಸದೆ ಕಳಿಸಲಿಲ್ಲ.

ಕಾಲ ಸರಿಯಿತು. ಹಾಡುಗಾರ್ತಿ ತೀರಿಕೊಂಡಳು. ಬೀಸುವ ಕಲ್ಲುಗಳು ಮೂಲೆ ಸೇರಿದವು. ಟೇಪಿನಲ್ಲಿದ್ದ ಹಾಡುಗಳನ್ನು ಅವನು ಕೆಲಸ ಮಾಡುತ್ತಿದ್ದ ಜಾನಪದ ಸಂಸ್ಥೆಯವರು ಸರ್ವರಿಗೆ ಏರಿಸಿದರು. ಅಲ್ಲಿ ಫೋಲ್ಡರಿನೊಳಗೆ ಫೋಲ್ಡರ್, ಅದರೊಳಗೆ ಮತ್ತೊಂದು. ವಯಸ್ಸಾದ ಸಂಗ್ರಹಕಾರನಿಗೆ ದಾರಿ ತಪ್ಪುತ್ತಿತ್ತು. ಕಚೇರಿಯ ಹೆಣ್ಣುಮಗಳೊಬ್ಬಳು ಶಾರ್ಟ್‌ಕಟ್ ಮಾಡುವುದನ್ನು ತೋರಿಸಿಕೊಟ್ಟಳು. ಇದನ್ನು ಒತ್ತಿದರೆ ಹಾಡು ಬರುತ್ತದೆ ಎಂದಳು. ಹಾಡು ಮಾತ್ರ ಸರ್ವರಿನಲ್ಲೇ ಇರುತ್ತದೆ, ಇದು ಅಲ್ಲಿಗೆ ಹೋಗುವ ಗುರುತು ಅಷ್ಟೆ ಎಂದೂ ಹೇಳಿದಳು. ಮೊದಲನೆಯ ಮಾತು ಅವನಿಗೆ ಹಿಡಿಸಿತು. ಎರಡನೆಯದು ಕಿವಿಗೆ ಬೀಳಲಿಲ್ಲ.

ಅವನು ಹಾಡುಗಾರ್ತಿಯ ಹಾಡುಗಳಿಗೆಲ್ಲ ಶಾರ್ಟ್‌ಕಟ್ ಮಾಡಿ ಒಂದು ಫೋಲ್ಡರಿನಲ್ಲಿ ಕೂಡಿಟ್ಟ. ಅದಕ್ಕೆ ಆ ಊರಿನ ಹೆಸರಿಟ್ಟ. ದಿನವೂ ಬೆಳಗ್ಗೆ ಸಂಸ್ಥೆಗೆ ಬಂದವನು ಮೊದಲು ಅರಿಶಿನದ ಹಾಡನ್ನು ತೆರೆಯುತ್ತಿದ್ದ. ಹಾಡಿನ ಹಿಂದೆ ಎತ್ತಿನ ಕೊರಳ ಗಂಟೆ ಕೇಳುತ್ತಿತ್ತು. ಬಾವಿಯ ರಾಟೆ ಕೇಳುತ್ತಿತ್ತು. ನಡುನಡುವೆ ತನ್ನದೇ ಪ್ರಾಯದ ನಗುವೂ ಕೇಳುತ್ತಿತ್ತು. ಎದುರಿಗಿದ್ದ ಚಹಾ ಆರಿಹೋಗುತ್ತಿತ್ತು. ಆ ಬಾವಿಯನ್ನು ಮುಚ್ಚಿದ್ದಾರೆ ಎಂಬುದು ಅವನಿಗೆ ಗೊತ್ತಿತ್ತು. ಆದರೂ ಬೆಳಗ್ಗೆ ಅಷ್ಟು ಹೊತ್ತು ಅದರಲ್ಲಿ ನೀರಿರುತ್ತಿತ್ತು.

ಹೀಗಿರಲು ಹಾಡುಗಾರ್ತಿಯ ಮಗಳು ಫೋನು ಮಾಡಿದಳು. ತನ್ನ ಮಗಳ ಮದುವೆ ಗೊತ್ತಾಗಿದೆ ಎಂದಳು. ಊರಿನಲ್ಲಿ ಈಗ ಅರಿಶಿನಕ್ಕೆ ಸಿನಿಮಾ ಹಾಡು ಹಚ್ಚುತ್ತಾರೆ. ನಮ್ಮ ಮನೆಯಲ್ಲಾದರೂ ಅವ್ವನ ದನಿ ಕೇಳಬೇಕು ಎಂದು ಬೇಡಿಕೊಂಡಳು. ಸಂಗ್ರಹಕಾರ ಹಿಗ್ಗಿದ. ಊರಿನ ಹೆಸರಿನ ಆ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿಕೊಂಡ. ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ಬಸ್ಸು ಹತ್ತಿದ. ದಾರಿಯುದ್ದಕ್ಕೂ ಜೇಬು ಮುಟ್ಟಿ ನೋಡಿಕೊಂಡ.

ಚಪ್ಪರದಲ್ಲಿ ಹೆಂಗಸರು ಸೇರಿದ್ದರು. ಮದುಮಗಳನ್ನು ಮಣೆಯ ಮೇಲೆ ಕೂರಿಸಿದ್ದರು. ಶಾಲೆಯ ಮಾಸ್ತರರು ಲ್ಯಾಪ್‌ಟಾಪನ್ನೂ ಸ್ಪೀಕರನ್ನೂ ತಂದಿಟ್ಟಿದ್ದರು. ಸಂಗ್ರಹಕಾರ ಫೋಲ್ಡರ್ ತೆರೆದ. ಹಾಡುಗಳ ಹೆಸರುಗಳು ಒಂದೂ ತಪ್ಪದೆ ಕಂಡವು. ಅರಿಶಿನದ ಹಾಡನ್ನು ಒತ್ತಿದ. ಫೈಲ್ ಸಿಗುತ್ತಿಲ್ಲ ಎಂದು ಪರದೆಯ ಮೇಲೆ ಬಂದಿತು. ಇನ್ನೊಂದನ್ನು ಒತ್ತಿದ. ಅದೇ ಉತ್ತರ. ಮಾಸ್ತರರು ಬಗ್ಗಿ ನೋಡಿದರು. ಇವು ಬರಿಯ ಶಾರ್ಟ್‌ಕಟ್‌ಗಳು, ಹಾಡುಗಳು ನಿಮ್ಮ ಸರ್ವರಿನಲ್ಲೇ ಉಳಿದಿವೆ ಎಂದು ಮೆಲ್ಲಗೆ ಹೇಳಿದರು. ಅಂದು ಸಂಸ್ಥೆಗೆ ರಜೆ. ಬಾಗಿಲು ತೆಗೆದು ಹಾಡು ಕಳಿಸುವವರು ಅಲ್ಲಿ ಯಾರೂ ಇರಲಿಲ್ಲ.

ಸಂಗ್ರಹಕಾರ ಮಗಳ ಮುಂದೆ ತಲೆ ತಗ್ಗಿಸಿದ. "ಯವ್ವಾ, ನಾ ಹಾಡು ತಂದಿಲ್ಲ. ಹಾಡು ಎಲ್ಲಿ ಐತಿ ಅನ್ನೋ ಗುರುತಷ್ಟ ತಂದೀನಿ."

"ಬಿಡ್ರಿ ಮಾವಾರ, ನಾವೂ ಅದನ್ನ ಮಾಡೀವಿ," ಎಂದಳು ಅವಳು. "ಅವ್ವನ ಹಾಡು ನಿಮ್ಮ ಹತ್ರ ಅದಾವ ಅಂತ ನಂಬಿ ಕುಂತ್ವಿ. ಒಬ್ಬಾಕೀನೂ ಕಲೀಲಿಲ್ಲ."

ಕಲಸಿದ ಅರಿಶಿನ ಬಟ್ಟಲಿನಲ್ಲಿ ಒಣಗತೊಡಗಿತು. ಕೊನೆಗೆ ಒಬ್ಬ ಮುದುಕಿ ಮೊದಲ ಸಾಲು ಎತ್ತಿದಳು. ಎರಡನೆಯದಕ್ಕೆ ಇನ್ನೊಬ್ಬಳು ದನಿಗೂಡಿಸಿದಳು. ಹಾಡು ಅಲ್ಲಿಗೆ ನಿಂತಿತು. ಮುಂದಿನದು ಯಾರಿಗೂ ಬಾರದು. ಆಗ ಆ ಸಾಲು ಸಂಗ್ರಹಕಾರನ ಬಾಯಿಂದ ಬಂದಿತು. ಅವನಿಗೇ ಬೆರಗಾಯಿತು. ಅವನು ಎಂದೂ ಹಾಡಿದವನಲ್ಲ; ದನಿ ಒಡೆಯುತ್ತಿತ್ತು. ಆದರೆ ಸಾಲಿನ ಹಿಂದೆ ಸಾಲು ತಾನಾಗಿ ಬಂದಿತು. ಅವನು ಹೇಳಿದಂತೆ ಹೆಂಗಸರು ಹಿಂದೆ ಹಾಡಿದರು.

ನಡುವೆ ಒಂದು ಕಡೆ ಅವನು "ಹುಶ್" ಎಂದು ಮುಂದುವರಿದ. ಹೆಂಗಸರು ಮುಖ ಮುಖ ನೋಡಿಕೊಂಡರು. ಮಗಳು ಮಾತ್ರ ನಕ್ಕಳು. ನಗುತ್ತಲೇ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಟೇಪು ತಿರುಗುತ್ತಿದ್ದ ಆ ದಿನ ಹರವಿದ ಕಾಳಿಗೆ ಕೋಳಿ ಬಾಯಿ ಹಾಕಿತ್ತು. ಅವ್ವ ಹಾಡುತ್ತಲೇ ಅದನ್ನು ಹಾಗೆ ಓಡಿಸಿದ್ದಳು. ಸಂಗ್ರಹಕಾರ ಅದನ್ನೂ ಹಾಡೆಂದೇ ಕಲಿತುಬಿಟ್ಟಿದ್ದ.

ಮದುಮಗಳಿಗೆ ಅರಿಶಿನ ಹಚ್ಚಿದರು. ಹೆಂಗಸರು ಇನ್ನೊಂದು ಹಾಡು ಕೇಳಿದರು. ಅದು ಅವನಿಗೆ ಬರಲಿಲ್ಲ, ಮತ್ತೊಂದೂ ಬರಲಿಲ್ಲ. ಅವುಗಳ ಶಾರ್ಟ್‌ಕಟ್‌ಗಳೂ ಅದೇ ಫೋಲ್ಡರಿನಲ್ಲಿದ್ದವು. ಆದರೆ ಅವನ್ನು ಅವನು ಎಂದೋ ಒಮ್ಮೆ ತೆರೆದಿದ್ದ, ಅಷ್ಟೆ.

ತನ್ನ ಊರಿಗೆ ಮರಳಿದ ಮೇಲೆ ಅವನು ಹಾಡುಗಳನ್ನೆಲ್ಲ ಸರ್ವರಿನಿಂದ ಪ್ರತಿ ಮಾಡಿ ಮಗಳಿಗೆ ಕಳಿಸಿಕೊಟ್ಟ. ಅವಳು ಅವ್ವನ ದನಿಯನ್ನು ಮನಸಾರೆ ಕೇಳಿದಳು. ಆ ಊರಿನ ಹೆಂಗಸರು ಅರಿಶಿನದ ಹಾಡನ್ನು ಈಗಲೂ ಹಾಡುತ್ತಾರಂತೆ. ನಡುವೆ ಹುಶ್ ಎನ್ನುವುದನ್ನೂ ಬಿಟ್ಟಿಲ್ಲವಂತೆ.

ಗವಾಯಿಗಳು ಕತೆ ನಿಲ್ಲಿಸಿದರು. ನೀಲಗಂಗಾ, ಹಾಗಾದರೆ ನನ್ನ ಶಾರ್ಟ್‌ಕಟ್‌ಗಳನ್ನು ಅಳಿಸಿಬಿಡಲೇ ಎಂದು ಕೇಳಿದಳು.

"ಇರಲಿ ಬಿಡವ್ವ, ಇವತ್ತು ಬೆಳಗ್ಗೆ ಅದರಲ್ಲಿ ಯಾವುದನ್ನು ತೆರೆದಿದ್ದೆ, ಹೇಳು," ಎಂದರು ಗುರುಗಳು.

"ಒಂದನ್ನೂ ತೆರೆದಿಲ್ಲ ಗುರುಗಳೇ," ಎಂದು ನೀಲಗಂಗಾ ಗೋಡೆಗೆ ಒರಗಿದ್ದ ತಂಬೂರಿಯನ್ನು ಎತ್ತಿಕೊಂಡಳು.