ನಾಲ್ಕು ನೂರ ಹನ್ನೆರಡು 'ಆಯ್ತು'

"ಅಜ್ಜಾರೇ, ಜನರ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯಬೇಕಾದರೆ ಅವರನ್ನೇ ಕೇಳಿದರೆ ಸಾಲದೇ?"

ಕೇಳಿದವನು ಅಡವಯ್ಯ, ಮಠದಲ್ಲಿ ಏಳು ವರ್ಷದಿಂದ ಓದುತ್ತಿದ್ದ ಶಿಷ್ಯ. ಮಠದ ಹಿರಿಯರನ್ನು ಎಲ್ಲರೂ ಅಜ್ಜಾರು ಎಂದೇ ಕರೆಯುತ್ತಿದ್ದರು. ಸುತ್ತಲ ಹನ್ನೆರಡು ಊರಿನ ನೇಕಾರರಿಗೆ ಹೊಸ ಮಗ್ಗ ಬೇಕೋ ಬೇಡವೋ ಎಂದು ವಿಚಾರಿಸಿ ಬರುವ ಕೆಲಸವನ್ನು ನೇಕಾರರ ಸಂಘ ಮಠಕ್ಕೆ ಒಪ್ಪಿಸಿತ್ತು, ಮಠ ಅದನ್ನು ಅಡವಯ್ಯನಿಗೆ ಒಪ್ಪಿಸಿತ್ತು. ಅವನು ಎರಡು ದಿನ ಕೂತು ನಲವತ್ತು ಪ್ರಶ್ನೆ ಬರೆದಿದ್ದ. ಒಂದೊಂದರ ಮುಂದೆಯೂ ಹೌದು, ಇಲ್ಲ ಎಂದು ಎರಡು ಚೌಕ ಹಾಕಿದ್ದ. ಜಾಣ. ಯಾವ ಪಾಠ ಮುಗಿದರೂ ಅರ್ಥ ಆಯಿತು ಎಂದು ಎಲ್ಲರಿಗಿಂತ ಮೊದಲು ಹೇಳುವವನು ಅವನೇ.

ಅಜ್ಜಾರು ಹಾಳೆಗಳನ್ನು ತಿರುವಿ ನೋಡಿದರು. ಅಕ್ಷರ ದುಂಡಗಿದೆ ಎಂದರು. ಆಮೇಲೆ ಕನ್ನಡಕ ತೆಗೆದಿಟ್ಟು, ಒಂದು ಗಿರಣಿಯ ಕತೆ ಇದೆ, ಕೇಳಿ ಹೋಗು ಎಂದು ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಸಾವುಕಾರ. ಅವನದೊಂದು ಹತ್ತಿ ಗಿರಣಿ. ನಾಲ್ಕು ನೂರ ಹನ್ನೆರಡು ಆಳು ಅಲ್ಲಿ ದುಡಿಯುತ್ತಿದ್ದರು. ಗಿರಣಿಯ ಹಿಂದೆ ಒಂದು ಒಲೆ ಇತ್ತು. ಸಾವುಕಾರನ ತಂದೆ ಹೂಡಿಸಿದ ಒಲೆ ಅದು. ಮಧ್ಯಾಹ್ನ ಗಂಟೆ ಹೊಡೆದಾಗ ಬೇಕಾದವರಿಗೆ ಅಲ್ಲಿ ಜೋಳದ ನುಚ್ಚು, ಮಜ್ಜಿಗೆ ಸಿಗುತ್ತಿತ್ತು. ಯಾಕೆ ಬಂದೆ ಎಂದು ಯಾರೂ ಕೇಳುತ್ತಿರಲಿಲ್ಲ.

ತಂದೆ ತೀರಿಕೊಂಡ ಮೇಲೆ ಮಗನ ತಲೆಗೆ ಒಂದು ಅನುಮಾನ ಹೊಕ್ಕಿತು. ಮನೆಯಲ್ಲಿ ಹೊಟ್ಟೆ ತುಂಬ ರೊಟ್ಟಿ ತಿಂದು ಬಂದವರೇ ಇಲ್ಲಿ ಕೂತು ಇನ್ನೊಂದು ಸುತ್ತು ಉಣ್ಣುತ್ತಾರೋ ಏನೋ. ಹಾಗಿದ್ದರೆ ಈ ಒಲೆ ಯಾಕೆ? ಸಾವುಕಾರ ಕೆಟ್ಟವನಲ್ಲ, ಓದಿದವನು. ಊಹೆಯ ಮೇಲೆ ಏನನ್ನೂ ಮಾಡಬಾರದು, ಎಣಿಸಿ ನೋಡಿಯೇ ಮಾಡಬೇಕು ಎಂದು ನಂಬಿದವನು. ಒಳ್ಳೆಯ ಮಾತೇ. ಎಣಿಸಲು ಫಕೀರಪ್ಪನನ್ನು ಕರೆದ.

ಫಕೀರಪ್ಪ ಗಿರಣಿಯ ಗುಮಾಸ್ತ. ಬರೆದರೆ ಒಂದು ಅಕ್ಷರ ತಿದ್ದುವ ಹಾಗಿರಲಿಲ್ಲ. ಮನುಷ್ಯನೂ ಮೃದು. ಎಷ್ಟು ಜನ ಉಂಡು ಬರುತ್ತಾರೆ, ಎಷ್ಟು ಜನ ಹಸಿದು ಬರುತ್ತಾರೆ ಎಂದು ಅವನು ತಿಳಿಯಬೇಕಿತ್ತು. ನಿಮ್ಮ ಮನೆಯಲ್ಲಿ ಉಣ್ಣಲು ಇದೆಯೇ ಎಂದು ಕೇಳಿದರೆ ಕೇಳಿಸಿಕೊಂಡವರ ಮರ್ಯಾದೆ ಹೋಗುತ್ತದೆ. ಹಸಿದು ಬಂದಿದ್ದೀರಾ ಎಂದರೆ ಭಿಕ್ಷುಕರನ್ನು ಮಾತಾಡಿಸಿದ ಹಾಗೆ ಆಗುತ್ತದೆ. ಯಾರಿಗೂ ನೋವಾಗಬಾರದು, ಎಲ್ಲರಿಗೂ ತಿಳಿಯಬೇಕು, ಅಂಥದೊಂದು ಪ್ರಶ್ನೆ ಬೇಕಿತ್ತು. ಮೂರು ದಿನ ತಲೆ ಕೆರೆದುಕೊಂಡ. ನಾಲ್ಕನೆಯ ದಿನ ಹೊಳೆಯಿತು. ಊಟ ಆಯ್ತೇನ್ರಿ?

ನಗಬೇಡ ಅಡವಯ್ಯಾ. ಅವನೂ ನಮ್ಮ ಸೀಮೆಯಲ್ಲೇ ಹುಟ್ಟಿದವನು. ಬಸ್ಸು ತಪ್ಪಿ ಅಳುತ್ತ ಕೂತವನಿಗೂ ಊಟ ಆಯ್ತೇನಪ್ಪಾ ಎನ್ನುವ ಜನ ನಾವು. ಅದು ಅವನಿಗೂ ಗೊತ್ತಿತ್ತು. ಆದರೆ ದಿನಾ ಆಡುವ ಮಾತು ಹಾಳೆಯ ಮೇಲೆ ಇಳಿದ ಕೂಡಲೇ ಅದಕ್ಕೊಂದು ಗಾಂಭೀರ್ಯ ಬಂದುಬಿಡುತ್ತದೆ. ಬರೆದವನೇ ಅದನ್ನು ನಂಬತೊಡಗುತ್ತಾನೆ.

ಎಂಟು ದಿನ ಅವನು ಬೆಳಿಗ್ಗೆ ಗೇಟಿನಲ್ಲಿ ನಿಂತ. ಒಳಗೆ ಬರುವ ಒಬ್ಬೊಬ್ಬರನ್ನೂ ನಗುತ್ತ ಕೇಳಿದ. ಅವರೂ ನಗುತ್ತ ಆಯ್ತ್ರಿ ಎಂದರು. ಕೆಲವರು ನಿಮ್ಮದು ಆಯ್ತೇನ್ರಿ ಎಂದು ತಿರುಗಿ ಕೇಳಿದರು. ಅದನ್ನು ಬರೆದುಕೊಳ್ಳಲು ಹಾಳೆಯಲ್ಲಿ ಜಾಗ ಇರಲಿಲ್ಲ. ಒಬ್ಬರನ್ನೂ ಬಿಡದೆ ಕೇಳಿ ಮುಗಿಸಿದ. ನಾಲ್ಕು ನೂರ ಹನ್ನೆರಡು ಜನ, ನಾಲ್ಕು ನೂರ ಹನ್ನೆರಡು 'ಆಯ್ತು'. ಹುಡುಕಿದರೂ ಒಂದು 'ಇಲ್ಲ' ಸಿಗಲಿಲ್ಲ. ಇಷ್ಟು ಚೊಕ್ಕವಾಗಿ ಬಂದದ್ದಕ್ಕೆ ಅವನು ಹೆದರಬೇಕಿತ್ತು. ಫಕೀರಪ್ಪ ಹೆಮ್ಮೆಪಟ್ಟ.

ಸಾವುಕಾರ ಹಾಳೆ ನೋಡಿದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ, ಹಾಗೆ ಮರುದಿನವೇ ಒಲೆ ಆರಿಸಿದ. ಜನ ಏನೂ ಅನ್ನಲಿಲ್ಲ. ಧರ್ಮಕ್ಕೆ ಬರುತ್ತಿದ್ದ ನುಚ್ಚು ನಿಂತಿತೆಂದು ಯಾರು ಜಗಳ ತೆಗೆಯುತ್ತಾರೆ?

ಒಂದು ತಿಂಗಳು ಕಳೆಯಿತು. ಮಧ್ಯಾಹ್ನದ ಮೇಲೆ ಗಿರಣಿಯ ಕೆಲಸ ಇಳಿಯತೊಡಗಿತು. ಬೆಳಿಗ್ಗೆ ಮೂರು ಬುಟ್ಟಿ ಹತ್ತಿ ಹಸನು ಮಾಡುವ ಕೈ ಮಧ್ಯಾಹ್ನದ ಮೇಲೆ ಒಂದನ್ನೂ ಮುಗಿಸುತ್ತಿರಲಿಲ್ಲ. ಸೆಕೆ ಇರಬೇಕೆಂದು ಸಾವುಕಾರ ಕಿಟಕಿಗಳನ್ನು ದೊಡ್ಡದು ಮಾಡಿಸಿದ. ಗಾಳಿ ಬಂತು, ಕೆಲಸ ಏರಲಿಲ್ಲ. ಯಂತ್ರ ಬಿಚ್ಚಿಸಿ ನೋಡಿಸಿದ. ಯಂತ್ರ ಗಟ್ಟಿಯಾಗಿತ್ತು. ಹಸಿವು ಇರಬಹುದೇ ಎಂದು ಒಮ್ಮೆ ಅವನ ಮನಸ್ಸಿಗೂ ಬಂತು. ಆದರೆ ಅದನ್ನು ಎಣಿಸಿ ಆಗಿತ್ತಲ್ಲ, ಹಾಳೆ ಪೆಟ್ಟಿಗೆಯಲ್ಲೇ ಇತ್ತು. ಇನ್ನು ಉಳಿದದ್ದು ಸೋಮಾರಿತನ ಒಂದೇ. ಮಧ್ಯಾಹ್ನದ ಮೇಲೆ ಎಲ್ಲರಿಗಿಂತ ನಿಧಾನವಾಗುವ ಇಪ್ಪತ್ತು ಜನರ ಹೆಸರು ಬರೆದು ತಾ, ಕೆಲಸದಿಂದ ಬಿಡಿಸೋಣ ಎಂದು ಫಕೀರಪ್ಪನಿಗೆ ಹೇಳಿದ.

ಫಕೀರಪ್ಪ ಅದನ್ನೂ ತಿದ್ದದೆ ಬರೆದು ಕೊಟ್ಟ. ಮೊದಲ ಹೆಸರು ಹುಲಿಗೆವ್ವ. ಎರಡು ಹರದಾರಿ ದೂರದ ಹಳ್ಳಿಯಿಂದ ದಿನಾ ನಡೆದು ಬರುವ ಹೆಂಗಸು. ಮನೆಯಲ್ಲಿ ನಾಲ್ಕು ಹೊಟ್ಟೆ ಅವಳೊಬ್ಬಳ ದುಡಿಮೆಯ ಮೇಲೆ ನಡೆಯುತ್ತಿದ್ದವು. ನಾಲ್ಕು ಜನರ ಎದುರು ಗೇಟಿನಲ್ಲಿ ನಾಳೆಯಿಂದ ಬರಬೇಡ ಎನ್ನುವುದು ಫಕೀರಪ್ಪನಿಗೆ ಸರಿ ಕಾಣಲಿಲ್ಲ. ಮನೆಗಳಿಗೆ ಹೋಗಿ ನಾನೇ ಹೇಳಿ ಬರುತ್ತೇನೆ ಎಂದ. ರಜೆಯ ದಿನ ಬೆಳಿಗ್ಗೆ ಏನೂ ತಿನ್ನದೆ ಹೊರಟ. ಹುಲಿಗೆವ್ವನ ಮನೆ ತಲುಪಿದಾಗ ಹೊತ್ತು ನೆತ್ತಿಯ ಮೇಲಿತ್ತು. ಹೊಟ್ಟೆ ಹಸಿದಿತ್ತು.

ಗುಮಾಸ್ತರು ಮನೆಗೆ ಬಂದರೆಂದು ಹುಲಿಗೆವ್ವ ಗಡಬಡಿಸಿದಳು. ಕಂಬಳಿ ಹಾಸಿ ಕೂರಿಸಿದಳು. ಎಲ್ಲರೂ ಕೇಳುವುದನ್ನೇ ಕೇಳಿದಳು.

"ಊಟ ಆಯ್ತೇನ್ರಿ?"

"ಆಯ್ತವ್ವಾ."

ಯೋಚಿಸಿ ಹೇಳಿದ್ದಲ್ಲ, ಬಾಯಿ ತಾನೇ ಹೇಳಿತು. ಹುಲಿಗೆವ್ವ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದು ಅವನ ಮುಂದೆ ಹಿಡಿದಳು.

"ಹಂಗ ಎಲ್ಲಾರೂ ಅಂತಾರ್ರೀ. ಕೈ ತೊಳ್ಕೋರಿ."

ಅವನು ಕೈ ತೊಳೆದ. ಎರಡು ರೊಟ್ಟಿ, ಪುಂಡಿಪಲ್ಯ ಬಂತು. ಹಸಿದವನು, ತಿಂದ. ಎರಡನೆಯ ರೊಟ್ಟಿ ಮುಗಿಯುತ್ತ ಬಂದಾಗ, ನೀನೂ ಉಣ್ಣವ್ವಾ ಎಂದು ಉಪಚಾರದ ಮಾತಾಡಿದ. ನಂದು ಆಗೇತ್ರಿ ಎಂದಳು ಹುಲಿಗೆವ್ವ. ಫಕೀರಪ್ಪ ತಲೆ ಎತ್ತಿದ. ಅವಳ ಹಿಂದೆ ರೊಟ್ಟಿಯ ಬುಟ್ಟಿ ಬರಿದಾಗಿತ್ತು. ಅದಕ್ಕೆ ಮುಚ್ಚುವ ಅರಿವೆಯನ್ನು ಆಗಲೇ ಮಡಚಿ ಇಟ್ಟಿದ್ದಳು.

ಕೈಯಲ್ಲಿದ್ದ ತುತ್ತನ್ನು ಅವನು ತಟ್ಟೆಗೆ ಇಳಿಸಿದ. ಅವಳ ಇದೇ ಮಾತು ಅವನ ಹಾಳೆಯಲ್ಲಿ ಒಂದು ಗೆರೆಯಾಗಿ ಬಿದ್ದಿತ್ತು. ಅಕ್ಷರ ಬಾರದ ಹೆಂಗಸು ಅವನು ಹೇಳಿದ ಒಂದು 'ಆಯ್ತು' ಎಂಬುದನ್ನು ನಂಬಿರಲಿಲ್ಲ. ಅವನು ನಾಲ್ಕು ನೂರ ಹನ್ನೆರಡನ್ನು ನಂಬಿ, ಕೂಡಿಸಿ, ಸಹಿ ಹಾಕಿ ಕೊಟ್ಟಿದ್ದ. ಅವನಿಗೆ ನಾಚಿಕೆಯಾಯಿತು. ಬಂದ ಕೆಲಸ ಹೇಳಲು ಬಾಯಿ ಬರಲಿಲ್ಲ. ಈ ಕಡೆ ಬಂದಿದ್ದೆ, ಸುಮ್ಮನೆ ಮಾತಾಡಿಸಿ ಹೋಗೋಣ ಎಂದು ಬಂದೆ ಎಂದು ಹೇಳಿ ಎದ್ದ. ಉಳಿದ ಹತ್ತೊಂಬತ್ತು ಮನೆಗಳಿಗೆ ಹೋಗಲಿಲ್ಲ.

ನೇರವಾಗಿ ಸಾವುಕಾರನ ಮನೆಗೆ ಹೋದ. ನನ್ನ ಎಣಿಕೆ ತಪ್ಪು, ಒಲೆ ಹಚ್ಚಿಸಿ, ಆ ಇಪ್ಪತ್ತು ಜನರನ್ನು ಬಿಡಿಸಬೇಡಿ ಎಂದ. ಸಾವುಕಾರ ಪೆಟ್ಟಿಗೆ ತೆರೆದು ಹಾಳೆ ಹೊರಗೆ ತೆಗೆದ. ಇದು ಯಾರ ಅಕ್ಷರ ಎಂದು ಕೇಳಿದ. ನನ್ನದೇ ಎಂದ ಫಕೀರಪ್ಪ. ನಾಲ್ಕು ನೂರ ಹನ್ನೆರಡು ಜನರ ಮಾತು ನಂಬಲೋ, ಒಂದು ಮನೆಯಲ್ಲಿ ಎರಡು ರೊಟ್ಟಿ ತಿಂದು ಬಂದ ಒಬ್ಬನ ಮಾತು ನಂಬಲೋ? ಇದು ತಪ್ಪಾದರೆ ಸರಿಯಾದದ್ದನ್ನು ಎಣಿಸಿ ತಾ, ಅಲ್ಲಿಯವರೆಗೆ ಪಟ್ಟಿ ಹಾಗೇ ನಿಲ್ಲುತ್ತದೆ ಎಂದ ಸಾವುಕಾರ. ಅವನು ಹೇಳಿದ್ದು ಅನ್ಯಾಯದ ಮಾತೇನೂ ಅಲ್ಲ. ಫಕೀರಪ್ಪನ ಹಾಳೆಯೇ ಫಕೀರಪ್ಪನಿಗೆ ಅಡ್ಡ ನಿಂತಿತ್ತು.

ಮರುದಿನ ಬೆಳಿಗ್ಗೆ ಮೇಸ್ತ್ರಿ ಗೇಟಿನಲ್ಲಿ ನಿಂತು ಇಪ್ಪತ್ತು ಹೆಸರು ಓದಿದ. ಮೊದಲ ಹೆಸರಿಗೆ ಹುಲಿಗೆವ್ವ ಫಕೀರಪ್ಪನ ಕಡೆ ನೋಡಿದಳು. ನಿನ್ನೆ ಅವನು ಯಾಕೆ ಬಂದಿದ್ದ ಎಂಬುದು ಅವಳಿಗೆ ಆಗ ತಿಳಿಯಿತು. ಸೆರಗು ಸರಿಮಾಡಿಕೊಂಡು ಬಂದ ದಾರಿಯಲ್ಲೇ ತಿರುಗಿ ಹೋದಳು.

ಆ ದಿನ ಮಧ್ಯಾಹ್ನ ಫಕೀರಪ್ಪ ನೀರಿನ ತೊಟ್ಟಿಯ ಪಕ್ಕದಲ್ಲಿ ಕೂತ. ಯಾರನ್ನೂ ಏನೂ ಕೇಳಲಿಲ್ಲ. ಬುತ್ತಿ ಬಿಚ್ಚುವ ಮೊದಲು ಕೈ ತೊಳೆಯಲು ಬರುವವರನ್ನು ಮಾತ್ರ ಎಣಿಸಿದ. ಆರು ದಿನ ಎಣಿಸಿದ. ಯಾವ ದಿನವೂ ಎಣಿಕೆ ನೂರ ಅರವತ್ತು ದಾಟಲಿಲ್ಲ. ಉಳಿದವರು ಬೊಗಸೆ ನೀರು ಕುಡಿದು ಹತ್ತಿಯ ಮೂಟೆಗೆ ಒರಗಿ ಕಣ್ಣು ಮುಚ್ಚುತ್ತಿದ್ದರು. ಇದೂ ಪೂರಾ ಸರಿಯಾದ ಎಣಿಕೆಯಲ್ಲ ಎಂದು ನಿನ್ನಂಥ ಜಾಣರು ಹೇಳಬಹುದು. ಇರಲಿ. ಆದರೆ ಮರ್ಯಾದೆಗೆ ಅಂಜಿ ಸುಳ್ಳು ಹೇಳುವುದು ಬಾಯಿ, ಕೈಗೆ ಅದು ಬರುವುದಿಲ್ಲ.

ಏಳನೆಯ ದಿನ ಆ ಎಣಿಕೆಯನ್ನು ಸಾವುಕಾರನ ಮುಂದಿಟ್ಟ, ಒಲೆ ಹತ್ತಿತು. ಬಿಡಿಸಿದವರನ್ನು ಮರಳಿ ಕರೆಸು ಎಂದ ಸಾವುಕಾರ. ಹತ್ತೊಂಬತ್ತು ಜನ ಬಂದರು. ಹುಲಿಗೆವ್ವನನ್ನು ಕರೆಯಲು ಫಕೀರಪ್ಪ ತಾನೇ ನಡೆದು ಹೋದ. ಬಾಗಿಲಿಗೆ ಕೀಲಿ ಬಿದ್ದಿತ್ತು. ಮನೆಮಂದಿಯನ್ನು ಕಟ್ಟಿಕೊಂಡು ದುಡಿಯಲು ಹೋದಳು, ಯಾವ ಊರಿಗೆ ಎಂದು ಹೇಳಲಿಲ್ಲ ಎಂದರು ನೆರೆಯವರು. ಅವನು ಬಾಗಿಲ ಮುಂದಿನ ಕಟ್ಟೆಯ ಮೇಲೆ ಕೂತುಬಿಟ್ಟ. ಪಕ್ಕದ ಮನೆಯ ಮುದುಕಿ ಹೊರಗೆ ಬಂದು, ಊಟ ಆಯ್ತೇನಪ್ಪಾ ಎಂದಳು. ಇಲ್ಲವ್ವಾ ಎಂದ ಫಕೀರಪ್ಪ. ಹುಟ್ಟಿದಾಗಿನಿಂದ ಆ ಮಾತಿಗೆ ಅವನು ಇಲ್ಲ ಎಂದದ್ದು ಅದೇ ಮೊದಲು.

ಅಜ್ಜಾರು ಕತೆ ನಿಲ್ಲಿಸಿ ಕನ್ನಡಕ ಹಾಕಿಕೊಂಡರು. ಅಡವಯ್ಯ ಆಗಲೇ ಪೆನ್ನು ತೆಗೆದಿದ್ದ. ತನ್ನ ನಲವತ್ತು ಪ್ರಶ್ನೆಗಳನ್ನು ಒಂದೊಂದಾಗಿ ಹೊಡೆದುಹಾಕುತ್ತಿದ್ದ. ಮುಖದಲ್ಲಿ ಗೆಲುವಿತ್ತು. ಅಜ್ಜಾರು ಅವನ ಕಡೆ ಬಾಗಿ ಕೇಳಿದರು.

"ಅರ್ಥ ಆಯ್ತೇನೋ, ಅಡವಯ್ಯಾ?"

'ಆಯ್ತು' ಎನ್ನಲು ಬಾಯಿ ತೆರೆದ ಅಡವಯ್ಯ ಅದನ್ನು ಹಾಗೇ ಮುಚ್ಚಿ, ಪೆನ್ನನ್ನು ಕೆಳಗಿಟ್ಟ.