ಹೊಸ ಫೋನು ಕರೆದ ಹೆಸರು

“ಗುರುಗಳೇ, ನಮ್ಮದು ನಾಲ್ಕು ತಲೆಮಾರಿನ ಅಂಗಡಿ. ಮುತ್ತಾತನ ಕಾಲದಿಂದ ಈ ಊರಿನ ಹೊಲಿಗೆ ಯಂತ್ರಗಳು ನಮ್ಮ ಕೈಯಿಂದಲೇ ಹೋಗಿವೆ, ಕೆಟ್ಟರೆ ನಮ್ಮ ಕೈಗೇ ಬಂದಿವೆ. ಗಿರಾಕಿ ನಿಂತಿರುವಾಗ ನಮ್ಮ ತಾತ ಕುಳಿತವರಲ್ಲ. ನಮ್ಮ ತಂದೆ ಮೂಟೆ ಹೊರುವವರನ್ನೂ ‘ಬನ್ನಿ’ ಎಂದೇ ಕರೆದರು. ನಾನೂ ಇಂದಿನವರೆಗೆ ಅಂಗಡಿಗೆ ಬಂದ ಯಾರಿಗೂ ಏಕವಚನ ಬಳಸಿಲ್ಲ. ಇಂಥ ಮನೆತನದ ಹೆಸರನ್ನು ಈಗ ಟೈಲರೊಬ್ಬರು ಬೀದಿಗೆ ಎಳೆದಿದ್ದಾರೆ. ಆಕೆಯ ಮಾತು ಕೇಳಿ ಆಕೆ ಇರುವ ಬೀದಿಯ ಟೈಲರುಗಳೆಲ್ಲ ನಮ್ಮ ಬಾಗಿಲು ದಾಟಿ ಬೇರೆ ಅಂಗಡಿಗೆ ಹೋಗುತ್ತಿದ್ದಾರೆ. ಮನೆತನದ ಹೆಸರನ್ನು ಉಳಿಸಿಕೊಳ್ಳುವುದು ಹೇಗೆ?”

ಹೀಗೆ ಕೇಳಿದವರು ವಿಶಾಲಾಕ್ಷಮ್ಮ. ಶಿಸ್ತಿಗೆ ಹೆಸರಾದ ಕಾನ್ವೆಂಟ್ ಸಿಸ್ಟರುಗಳ ಶಾಲೆಯಲ್ಲಿ ಓದಿದವರು. ಅರವತ್ತು ದಾಟಿದ್ದರೂ ಗೋಡೆಗೆ ಒರಗಿ ಕೂತವರಲ್ಲ. ಗುರುಗಳ ಮುಂದೆಯೂ ಚಾಪೆಯ ಮೇಲೆ ನೆಟ್ಟಗೆ ಕುಳಿತಿದ್ದರು.

“ಆ ಟೈಲರಿಗೆ ನೀವು ಏನೆಂದಿರಿ?” ಎಂದು ಗುರುಗಳು ಕೇಳಿದರು.

“ನಾನು ಏನೂ ಅನ್ನಲಿಲ್ಲ. ನನ್ನ ಬಾಯಿಂದ ಒಂದು ಅಕ್ಷರ ಹೊರಟಿಲ್ಲ.”

ಊರು ದೊಡ್ಡದಲ್ಲ. ನಡೆದದ್ದು ಗುರುಗಳ ಕಿವಿಗೂ ಬಿದ್ದಿತ್ತು. ಅವರು ಯಾರ ಹೆಸರನ್ನೂ ಎತ್ತದೆ ಒಂದು ಕತೆ ಹೇಳಿದರು.

ಒಬ್ಬ ವ್ಯಾಪಾರಿ ಇದ್ದರು. ಬಹಳ ವರ್ಷ ಬಟನ್ ಫೋನಿನಲ್ಲೇ ಗಿರಾಕಿಗಳಿಗೆ ಉತ್ತರ ಕೊಡುತ್ತಿದ್ದರು. ನೂಲು ತುಂಡಾಗುತ್ತಿದೆ ಎಂದು ಒಬ್ಬರು ದೂರುವರು, ಸೂಜಿ ಮುರಿಯಿತೆಂದು ಇನ್ನೊಬ್ಬರು. ಕಣ್ಣಿಗೆ ಕಾಣದ ಯಂತ್ರದ ರೋಗವನ್ನು ಕಿವಿಯಿಂದಲೇ ತಿಳಿಯಬೇಕಾಗಿತ್ತು. ಕಾಲ ಬದಲಾಯಿತು. ಫೋಟೋ ಕಳಿಸುತ್ತೇವೆ, ವಿಡಿಯೋ ಕಳಿಸುತ್ತೇವೆ, ನೋಡಿ ಹೇಳಿ ಎಂದು ಗಿರಾಕಿಗಳು ಕೇಳತೊಡಗಿದರು. ವ್ಯಾಪಾರಿ ಕೆಲಸಕ್ಕೆಂದೇ ಒಂದು ಹೊಸ ಸ್ಮಾರ್ಟ್‌ಫೋನ್ ಕೊಂಡರು. ಹಳೆಯದರಲ್ಲಿದ್ದ ಹೆಸರು, ನಂಬರುಗಳನ್ನೆಲ್ಲ ಮಾರಿದವನೇ ಹೊಸದಕ್ಕೆ ಸೇರಿಸಿಕೊಟ್ಟ.

ವಾರದೊಳಗೆ ವ್ಯಾಪಾರಿಗೆ ಕೈ ಕುದುರಿತು. ಕೆಳನೂಲು ಸುತ್ತಿದ ಬಾಬಿನ್ ತಿರುವುಮುರುವಾಗಿ ಕೂತಿದ್ದರೆ ಇದ್ದಲ್ಲಿಂದಲೇ ನೋಡಿ ಸರಿ ಮಾಡಿಸಿದರು. ದೂರದ ಹಳ್ಳಿಯ ಯಂತ್ರವೂ ಅವರ ಅಂಗೈಯಲ್ಲಿ ಓಡಿತು. ಆ ವಯಸ್ಸಿನಲ್ಲಿ ಅಷ್ಟು ಕಲಿತವರು ಹೆಮ್ಮೆಪಟ್ಟುಕೊಂಡರೆ ತಪ್ಪೇನೂ ಇಲ್ಲ.

ವಿಶಾಲಾಕ್ಷಮ್ಮ ಹೌದೆಂದು ತಲೆದೂಗಿದರು. ಗುರುಗಳು ಮುಂದುವರಿಸಿದರು.

ಶಾಲೆ ತೆರೆಯುವ ಕಾಲ ಬಂತು. ಒಂದು ಬೆಳಿಗ್ಗೆ ಅಂಗಡಿ ತುಂಬ ಜನ ಇದ್ದರು. ಮನೆಯಲ್ಲೇ ಮಕ್ಕಳ ಯೂನಿಫಾರ್ಮ್ ಹೊಲಿಯುವ ಒಬ್ಬ ಟೈಲರಮ್ಮ ಬಂದು, “ಮೆಷಿನ್ ಮತ್ತೆ ನಿಂತಿದೆ, ವಿಡಿಯೋ ಯಾವ ನಂಬರಿಗೆ ಕಳಿಸಲಿ?” ಎಂದು ಕೇಳಿದರು.

“ಮೊದಲಿನ ನಂಬರೇ. ಬೇಕಾದರೆ ಒಂದು ಮಿಸ್ಡ್ ಕಾಲ್ ಕೊಟ್ಟು ನೋಡಿ,” ಎಂದು ವ್ಯಾಪಾರಿ ಹೊಸ ಫೋನನ್ನು ಎಲ್ಲರಿಗೂ ಕಾಣುವಂತೆ ಮೇಜಿನ ಮೇಲೆ ಇಟ್ಟರು.

ಆ ಫೋನಿಗೆ ಒಂದು ಗುಣವಿತ್ತು. ಯಾರಿಂದ ಕರೆ ಬಂತೆಂದು ಅದು ಹೆಸರು ಓದಿ ಗಟ್ಟಿಯಾಗಿ ಹೇಳುತ್ತಿತ್ತು. ಕನ್ನಡಕ ಹುಡುಕುವ ಕಷ್ಟ ತಪ್ಪಿತೆಂದು ವ್ಯಾಪಾರಿಗೆ ಅದರ ಮೇಲೆ ಬಹಳ ಪ್ರೀತಿ. ಟೈಲರಮ್ಮ ಕರೆ ಮಾಡಿದರು. ಫೋನು ಅಂಗಡಿಗೆಲ್ಲ ಕೇಳುವಂತೆ ಹೇಳಿತು: “ಟೈಲರ್ ಪೀಡೆ ಕರೆ ಮಾಡುತ್ತಿದ್ದಾರೆ.”

ಎಷ್ಟೋ ವರ್ಷದ ಹಿಂದೆ, ಒಂದೇ ದಿನ ಏಳು ಸಲ ಆಕೆಯ ಕರೆ ಬಂದಾಗ, ವ್ಯಾಪಾರಿ ಬೇಸತ್ತು ಹಳೆಯ ಫೋನಿನಲ್ಲಿ ಆ ನಂಬರಿಗೆ ಇಟ್ಟಿದ್ದ ಹೆಸರು ಅದು. ಇಟ್ಟದ್ದು ಅವರಿಗೇ ಮರೆತುಹೋಗಿತ್ತು.

ಬೆಂಚಿನ ಮೇಲೆ ಕುಳಿತಿದ್ದವರೊಬ್ಬರು, “ನೋಡಿದ್ರಾ, ‘ಮಾಡುತ್ತಿದ್ದಾರೆ’ ಅಂತ ಬಹುವಚನದಲ್ಲೇ ಹೇಳ್ತು. ಈ ಅಂಗಡಿಯ ಫೋನೂ ಮರ್ಯಾದೆ ಬಿಡೋದಿಲ್ಲ,” ಎಂದರು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು.

ಟೈಲರಮ್ಮ ನಗಲಿಲ್ಲ. “ಅಮ್ಮಾವ್ರೇ, ನಾನು ಅಷ್ಟು ಸಲ ಫೋನ್ ಮಾಡಿದ್ದು ಮೆಷಿನ್ ಕೆಟ್ಟಿದ್ದಕ್ಕೆ. ಮೆಷಿನ್ ಕೊಟ್ಟೋರು ನೀವೇ. ಹನ್ನೊಂದು ವರ್ಷ ನೀವು ‘ಬನ್ನಿ, ಕೂತ್ಕೊಳ್ಳಿ’ ಅಂದಾಗೆಲ್ಲ ನಿಜ ಅಂದ್ಕೊಂಡು ಕೂತೆ,” ಎಂದು ಹೇಳಿ ಅಂಗಡಿಯಿಂದ ಇಳಿದು ಹೋದರು. ವ್ಯಾಪಾರಿ ಬಾಯಿ ಬಿಡಲಿಲ್ಲ.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಕತೆಯ ವ್ಯಾಪಾರಿ ಯಾರೆಂದು ವಿಶಾಲಾಕ್ಷಮ್ಮನಿಗೆ ಆಗಲೇ ತಿಳಿದಿತ್ತು. ಕಿವಿ ಬಿಸಿಯಾಗಿತ್ತು. ಆದರೂ ಬೆನ್ನು ಬಾಗಲಿಲ್ಲ, ದನಿ ಏರಲಿಲ್ಲ.

“ಆ ವ್ಯಾಪಾರಿ ಸುಮ್ಮನೆ ಕೂರಲಿಲ್ಲ ಗುರುಗಳೇ,” ಎಂದರು. “ಅಂದೇ ಆ ಹೆಸರನ್ನು ಅಳಿಸಿದರು. ‘ಶ್ರೀಮತಿ ಸರ್ವಮಂಗಳಾ ಅವರು’ ಎಂದು ಬರೆದರು. ಕಾಗುಣಿತವನ್ನು ಎರಡು ಸಲ ನೋಡಿದರು. ಫೋನಿನಲ್ಲಿದ್ದ ಮಿಕ್ಕ ಹೆಸರುಗಳನ್ನೂ ಒಂದೊಂದಾಗಿ ಓದಿ, ತಿದ್ದಬೇಕಾದ್ದನ್ನು ತಿದ್ದಿದರು. ಈಗ ಯಾರು ಕರೆ ಮಾಡಿದರೂ ಆ ಫೋನು ಗೌರವದಿಂದಲೇ ಕರೆಯುತ್ತದೆ. ಒಳ್ಳೆಯ ಮನೆತನದವರು ಇದಕ್ಕಿಂತ ಹೆಚ್ಚು ಮಾಡುವುದು ಏನು ಉಳಿದಿದೆ?”

ಗುರುಗಳು ಕೊಟ್ಟದ್ದು ಒಂದೇ ಸಾಲಿನ ಉತ್ತರ.

“ಫೋನನ್ನು ತಿದ್ದಿದ್ದಾಯಿತು, ಅಂದು ನಕ್ಕವರ ಎದುರಿಗೇ ಸರ್ವಮಂಗಳಾ ಅವರ ಕ್ಷಮೆ ಕೇಳಿ.”